ಕಾವಲುಗಾರನ ಕೈಕಟ್ಟುವ ಅರ್ಬುದ

ದೇಹಬಲ ಕುಗ್ಗಿದವರಿಗೆ ಮಾತ್ರವೇ ಅರ್ಬುದರೋಗ ಬರುವುದೆಂದೂ, ಬಲವರ್ಧಕ ಔಷಧಗಳಿಂದ ಅದನ್ನು ನೀಗಬಹುದೆಂದೂ ಅನೇಕರು ನಂಬಿದ್ದಾರೆ. ಈ ನಂಬಿಕೆಯಿಂದ ಚಿಕಿತ್ಸೆಯನ್ನು ತಡಮಾಡಿದವರೂ ಉಂಟು. ವಸ್ತುಸ್ಥಿತಿ ಬೇರೆಯೇ ಆಗಿದೆ. ಬಲಿಷ್ಠನಾದ ಕಾವಲುಗಾರನ ಕೈಯನ್ನೂ ಕಟ್ಟಿಹಾಕುವ ಉಪಾಯ ಅರ್ಬುದಕೋಶಕ್ಕೆ ತಿಳಿದಿದೆ.

ನಮ್ಮ ಬಿಳಿಯ ರಕ್ತಕಣಗಳಲ್ಲಿ ಟಿ-ಕೋಶಗಳೆಂಬ ವರ್ಗವೊಂದುಂಟು. ಇವು ಜೀವಕೋಶಗಳ ಮೇಲ್ಮೈಯನ್ನು ಪರೀಕ್ಷಿಸಿ, ವಿಕೃತ ಲಕ್ಷಣ ಕಂಡುಬಂದ ಕೋಶಗಳನ್ನು ಕೊಲ್ಲುತ್ತವೆ. ಈ ಶಕ್ತಿಗೆ ಅಂಕುಶವಿಲ್ಲದಿದ್ದರೆ ಸ್ವಂತ ಅವಯವಗಳಿಗೇ ಹಾನಿ ತಪ್ಪದು. ಆದುದರಿಂದಲೇ ಟಿ-ಕೋಶಗಳಲ್ಲಿ ಸಿ.ಟಿ.ಎಲ್.ಎ.-೪, ಪಿ.ಡಿ.-೧ ಎಂಬ ತಡೆಪ್ರೋಟೀನುಗಳು ಏರ್ಪಟ್ಟಿವೆ. ಪಿ.ಡಿ.-೧ರೊಡನೆ ಪಿ.ಡಿ.-ಎಲ್‌೧ ಎಂಬ ಮತ್ತೊಂದು ಪ್ರೋಟೀನು ಕೂಡಿದೊಡನೆ ಟಿ-ಕೋಶದ ಆವೇಗ ಇಳಿಯುತ್ತದೆ.

ಅರ್ಬುದಕೋಶವು ಈ ಪಿ.ಡಿ.-ಎಲ್‌೧ ಅನ್ನು ತನ್ನ ಮೈಮೇಲೆ ಹಲವು ವಿಧದಲ್ಲಿ ಹೆಚ್ಚಿಸಿಕೊಳ್ಳುತ್ತದೆ. ಮೊದಲನೆಯದಾಗಿ, ಆಕ್ರಮಣಕ್ಕೆ ಬಂದ ಟಿ-ಕೋಶವು ಸ್ರವಿಸುವ ಗ್ಯಾಮ ಇಂಟರ್‌ಫೆರಾನ್ ಎಂಬ ದ್ರವ್ಯವೇ ಅದರ ಉತ್ಪಾದನೆಯನ್ನು ಪ್ರಚೋದಿಸುತ್ತದೆ. ಹೊಡೆಯಲು ಬಂದವನ ಸದ್ದೇ ಕಳ್ಳನಿಗೆ ಎಚ್ಚರಿಕೆಯಾದಂತೆ. ಎರಡನೆಯದಾಗಿ, ಹಾಜ್‌ಕಿನ್ ಲಿಂಫೋಮದಂತಹ ರೋಗದಲ್ಲಿ ೯ನೆಯ ವರ್ಣತಂತುವಿನಲ್ಲಿರುವ ಆ ಜೀನಿನ ಪ್ರತಿಗಳೇ ಹೆಚ್ಚಾಗಿರುತ್ತವೆ. ಮೂರನೆಯದಾಗಿ, ತಯಾರಾದ ಪ್ರೋಟೀನು ಕೋಶದೊಳಗೆ ಜೀರ್ಣವಾಗದಂತೆ ಸಿ.ಎಂ.ಟಿ.ಎಂ.-೬ ಎಂಬ ಸಹಾಯಕ ಪ್ರೋಟೀನು ಕಾಯುತ್ತದೆ. ಇದು ೨೦೧೭ರಲ್ಲಿ ಬೆಳಕಿಗೆ ಬಂದಿತು.

ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತಸುಕು ಹೊಂಜೊ ಮತ್ತು ಅವರ ಸಹೋದ್ಯೋಗಿಗಳು ೧೯೯೨ರಲ್ಲಿ ಪಿ.ಡಿ.-೧ ಅನ್ನು ಕಂಡುಹಿಡಿದರು. ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಸಂಗಡಿಗರು, ಸಿ.ಟಿ.ಎಲ್.ಎ.-೪ ತಡೆಯನ್ನು ಪ್ರತಿಕಾಯದಿಂದ ಮುಚ್ಚಿದಾಗ ಇಲಿಗಳ ಗೆಡ್ಡೆಗಳು ಕರಗುವುದನ್ನು ೧೯೯೬ರಲ್ಲಿ ಪ್ರಕಟಿಸಿದರು. ಈ ತತ್ತ್ವದ ಮೊದಲ ಔಷಧ ಇಪಿಲಿಮುಮಾಬ್, ಮೆಲನೋಮ ಎಂಬ ಚರ್ಮದ ಅರ್ಬುದಕ್ಕಾಗಿ ೨೦೧೧ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು; ಪಿ.ಡಿ.-೧ ಅನ್ನು ತಡೆಯುವ ಔಷಧಗಳು ಅಲ್ಲಿ ೨೦೧೪ರಲ್ಲಿ ಮಾನ್ಯತೆ ಪಡೆದವು. ಇಬ್ಬರು ವಿಜ್ಞಾನಿಗಳಿಗೂ ೨೦೧೮ರ ನೊಬೆಲ್ ಪಾರಿತೋಷಕ ಸಂದಿತು.

ಇದು ಸರ್ವರೋಗನಿವಾರಕವಲ್ಲ. ಅನೇಕ ರೋಗಿಗಳಲ್ಲಿ ಇದು ಫಲಿಸದು, ವೆಚ್ಚವೂ ಅಧಿಕ. ಅಂಕುಶ ಸಡಿಲಿದಾಗ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಗಳು ಉರಿಯೂತಕ್ಕೆ ಗುರಿಯಾಗುವುದುಂಟು. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳ ಸ್ಥಾನ ಇಂದಿಗೂ ಅಬಾಧಿತ.

ಅರ್ಬುದವು ರೋಗಿಯ ದೌರ್ಬಲ್ಯದ ಗುರುತಲ್ಲ, ಪಾಪದ ಫಲವಂತೂ ಅಲ್ಲವೇ ಅಲ್ಲ. ಈ ಮಾತನ್ನು ಶಿಕ್ಷಕರು ತರಗತಿಯಲ್ಲಿ ಹೇಳಿದರೆ ಅದು ಮಕ್ಕಳ ಮೂಲಕ ಮನೆಮನೆಗೂ ಮುಟ್ಟೀತು. ಗಂಟು ಕಂಡ ದಿನವೇ ವೈದ್ಯರ ಬಳಿಗೆ ಹೋಗುವ ಧೈರ್ಯ ಒಬ್ಬರಿಗಾದರೂ ಬಂದರೆ ಈ ಪಾಠ ಸಾರ್ಥಕ.