ಕ್ಲಾರಾ ಕಾಂಪೋಅಮೋರ್ ಮತ್ತು ಸ್ಪೇನಿನ ಸ್ತ್ರೀಯರ ಮತ

ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ಚರ್ಚಾಕೂಟವೊಂದರಲ್ಲಿ, ಅಕ್ಷರ ಬಾರದವರು ಮತದಾನಕ್ಕೆ ಕೆಲಕಾಲ ಕಾಯಬೇಕೆಂದು ನಾನು ವಾದಿಸಿ ಕರತಾಡನ ಗಳಿಸಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನ ತಾಯಿಗೆ ಓದುಬರಹ ತಿಳಿಯದು. ಆ ದಿನ ವೇದಿಕೆಯ ಮೇಲೆ ಇದು ನನಗೆ ನೆನಪಾಗಲೇ ಇಲ್ಲ. ಈ ವರ್ಷ ಐರೋಪ್ಯ ಇತಿಹಾಸವನ್ನು ಓದುವಾಗ ಅದೇ ವಾದವನ್ನು ಸ್ಪೇನಿನ ಶಾಸನಸಭೆಯಲ್ಲಿ ಕಂಡೆ; ಅದಕ್ಕೆ ಉತ್ತರವಿತ್ತ ಮಹಿಳೆಯನ್ನೂ ಕಂಡೆ.

ಕ್ಲಾರಾ ಕಾಂಪೋಅಮೋರ್ ಹುಟ್ಟಿದ್ದು 1888ರಲ್ಲಿ, ಮ್ಯಾಡ್ರಿಡ್ ನಗರದಲ್ಲಿ. ತಾಯಿ ಹೊಲಿಗೆ ಕೆಲಸದವರು. ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಈಕೆ ಶಾಲೆ ಬಿಟ್ಟು ಬಟ್ಟೆ ಹೊಲಿದರು, ಅಂಗಡಿಯಲ್ಲಿ ದುಡಿದರು, ಅಂಚೆ-ತಂತಿ ಇಲಾಖೆಯಲ್ಲಿ ನೌಕರಿ ಮಾಡಿದರು, ಬೆರಳಚ್ಚು ಕಲಿಸಿದರು. ಮತ್ತೆ ಪುಸ್ತಕ ಹಿಡಿದು 1924ರಲ್ಲಿ, 36ನೆಯ ವಯಸ್ಸಿನಲ್ಲಿ, ಕಾನೂನು ಪದವಿ ಪಡೆದು ವಕೀಲರಾದರು. ಒಂದು ಪೇಪರು ಹಿಂದೆ ಉಳಿದರೆ ಬಾಳೇ ಮುಗಿಯಿತೆಂದು ಕೊರಗುವ ನಮ್ಮಂಥವರು ಇದನ್ನು ಗಮನಿಸಬೇಕು.

1931ರ ಏಪ್ರಿಲ್‌ನಲ್ಲಿ ಸ್ಪೇನ್ ಗಣರಾಜ್ಯವಾಯಿತು. ಆಗಿನ ನಿಯಮವೊಂದು ವಿಚಿತ್ರವಾಗಿತ್ತು: ಸ್ತ್ರೀಯರು ಚುನಾವಣೆಗೆ ನಿಲ್ಲಬಹುದು, ಮತ ಹಾಕುವಂತಿಲ್ಲ! ಹೀಗೆ ಪುರುಷರ ಮತದಿಂದಲೇ ಆರಿಸಿಬಂದು, 470 ಸ್ಥಾನಗಳ ಸಂವಿಧಾನ ಸಭೆಯಲ್ಲಿ ಕುಳಿತ ಸ್ತ್ರೀಯರು ಮೊದಲಿಗೆ ಇಬ್ಬರೇ. ರ‍್ಯಾಡಿಕಲ್ ಪಕ್ಷದ ಕಾಂಪೋಅಮೋರ್ ಒಬ್ಬರು. ರ‍್ಯಾಡಿಕಲ್ ಸೋಷಿಯಲಿಸ್ಟ್ ಪಕ್ಷದ ವಿಕ್ಟೋರಿಯಾ ಕೆಂಟ್ ಇನ್ನೊಬ್ಬರು. ಇಬ್ಬರೂ ವಕೀಲರು. ಸ್ತ್ರೀಯರಿಗೆ ಮತ ಕೊಡುವ ಪ್ರಶ್ನೆ ಬಂದಾಗ ಆ ಇಬ್ಬರೇ ಎದುರುಬದುರಾಗಿ ನಿಂತರು.

ಕೆಂಟ್ ಅವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಕ್ಕನ್ನು ಅವರು ನಿರಾಕರಿಸಲಿಲ್ಲ, ಮುಂದೂಡಿರೆಂದರು. ಸ್ಪೇನಿನ ಸ್ತ್ರೀಯರೆಲ್ಲ ವಿದ್ಯಾವಂತರೂ ದುಡಿಮೆಗಾರರೂ ಆಗಿದ್ದರೆ ತಾವೇ ಮತಾಧಿಕಾರ ಕೇಳುತ್ತಿದ್ದುದಾಗಿಯೂ, ಈಗಲೇ ಕೊಟ್ಟರೆ ಎಳೆಯ ಗಣರಾಜ್ಯಕ್ಕೆ ಅಪಾಯವೆಂದೂ ಅವರ ಅಭಿಪ್ರಾಯ. ಸ್ತ್ರೀಯರು ಪಾದ್ರಿಗಳ ಮಾತಿನಂತೆ ನಡೆಯುವರೆಂಬ ಅಂಜಿಕೆ ಆ ಪಕ್ಷಗಳಲ್ಲಿ ವ್ಯಾಪಕವಾಗಿತ್ತು. ಇನ್ನೊಬ್ಬ ಸದಸ್ಯರಂತೂ ಪುರುಷನಿಗೆ 23ಕ್ಕೆ, ಸ್ತ್ರೀಗೆ 45ಕ್ಕೆ ಮತಾಧಿಕಾರ ಬರಲೆಂದು ತಿದ್ದುಪಡಿ ತಂದರು. (ನನ್ನ ತಾಯಿಗೆ ಇನ್ನೂ 45 ತುಂಬಿಲ್ಲ.)

ಕಾಂಪೋಅಮೋರ್ ಅವರ ಉತ್ತರದ ತಿರುಳಿಷ್ಟು: ಸ್ವಾತಂತ್ರ್ಯಕ್ಕೆ ತಕ್ಕವರಾಗುವ ದಾರಿ ಸ್ವಾತಂತ್ರ್ಯದಲ್ಲಿ ನಡೆಯುವುದೊಂದೇ, ಯಾರಿಗೆ ಮತ ಬೀಳುವುದೆಂಬ ಲೆಕ್ಕದಿಂದ ಹಕ್ಕನ್ನು ಅಳೆಯಬಾರದು. ನನಗೆ ತೋರುವ ಮಾತೊಂದನ್ನು ಸೇರಿಸುತ್ತೇನೆ. ಸ್ಪೇನಿನ ಪುರುಷರಿಗೆ 1890ರಿಂದಲೇ ಸಾರ್ವತ್ರಿಕ ಮತಾಧಿಕಾರವಿತ್ತು. ಅವರಲ್ಲಿ ಅಕ್ಷರ ಬಾರದವರು ಎಷ್ಟೋ ಮಂದಿ. ಅವರನ್ನು ಕಾಯಿರೆಂದು ಕೂರಿಸಿದವರಿಲ್ಲ.

1931ರ ಅಕ್ಟೋಬರ್ 1ರಂದು 161 ಮತಗಳು ಪರವಾಗಿಯೂ 121 ವಿರುದ್ಧವಾಗಿಯೂ ಬಿದ್ದವು. ಆಕೆಯ ಪಕ್ಷದ ಬಹುಮಂದಿ ಆಕೆಯ ವಿರುದ್ಧವೇ ನಿಂತಿದ್ದರು. ಡಿಸೆಂಬರ್ 1ರಂದು ಹಕ್ಕನ್ನು ಮುಂದೂಡಿಸುವ ಯತ್ನ ಮತ್ತೆ ನಡೆದು, 127ಕ್ಕೆ 131ರಂತೆ ಸೋತಿತು. ಕೇವಲ ನಾಲ್ಕು ಮತಗಳ ಅಂತರ!

1933ರ ನವೆಂಬರ್‌ನಲ್ಲಿ ಸ್ಪೇನಿನ ಸ್ತ್ರೀಯರು ಸಾರ್ವತ್ರಿಕ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಿದರು. ಬಲಪಂಥೀಯರು ಗೆದ್ದರು; ಕಾಂಪೋಅಮೋರ್ ಸೋತರು, ಕೆಂಟ್ ಅವರೂ ಸೋತರು. ಅಪವಾದವೆಲ್ಲ ಕಾಂಪೋಅಮೋರ್ ತಲೆಗೆ ಬಂತು. ಆದರೆ 1936ರ ಫೆಬ್ರವರಿಯಲ್ಲಿ ಅದೇ ಸ್ತ್ರೀಯರು ಮತ ಹಾಕಿದಾಗ ಎಡಪಕ್ಷಗಳ ಕೂಟ ಗೆದ್ದಿತು. ಆಗ ಅವರನ್ನು ಹೊಗಳಿದವರಿಲ್ಲ. ಅದೇ ವರ್ಷ ಆಕೆ ಈ ಹೋರಾಟದ ಕಥೆಯನ್ನು ಪುಸ್ತಕವಾಗಿ ಬರೆದು, ಅದನ್ನು ತಮ್ಮ 'ಮಹಾಪಾಪ'ವೆಂದು ಶೀರ್ಷಿಕೆಯಲ್ಲಿಯೇ ವ್ಯಂಗ್ಯವಾಗಿ ಕರೆದುಕೊಂಡರು. ಅಂತರ್ಯುದ್ಧ ಆರಂಭವಾಗಲು ದೇಶ ಬಿಟ್ಟರು. ಫ್ರಾಂಕೋ ಆಳ್ವಿಕೆಯಲ್ಲಿ ಮರಳಿ ನೆಲೆಸಲಾಗದೆ 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಸ್ಪೇನಿನಲ್ಲಿ ಮತ್ತೆ ಮುಕ್ತ ಚುನಾವಣೆ ನಡೆದದ್ದು 1977ರಲ್ಲಿ.

ಇದನ್ನೆಲ್ಲ ಓದಿದ ಮೇಲೆ ಊರಿಗೆ ಹೋದಾಗ, ಕಳೆದ ಚುನಾವಣೆಯಲ್ಲಿ ಯಾರಿಗೆ ಮತ ಹಾಕಿದೆಯೆಂದು ತಾಯಿಯನ್ನು ಕೇಳಿದೆ. ಅಪ್ಪ ಹೇಳಿದವರಿಗೇ ಹಾಕಿರುತ್ತಾಳೆಂದು ನಾನು ಎಣಿಸಿದ್ದೆ. ಆಕೆ ಒಲೆಯ ಕಡೆ ತಿರುಗಿ, "ಅದನ್ನು ಯಾರಿಗೂ ಹೇಳಬಾರದಂತೆ" ಎಂದಳು.