ಅಂಕಪಟ್ಟಿಯಲ್ಲಿ ಕಾಣದ ಓದು



ಲೆಕ್ಕಪತ್ರದ ಪುಟಗಳಿಗೆ ಹೋಗುವ ಮೊದಲು ಈ ಸಾಲಿನಲ್ಲಿ ನಾವು ಕಲಿತ ಒಂದು ಪಾಠವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಕಲಿಸಿದವಳು ಎಂಟನೇ ತರಗತಿಯ ಒಬ್ಬ ಹುಡುಗಿ.

ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಉಮ್ಮನ ಜೊತೆ ಬಂದಿದ್ದಳು. ಇಂಗ್ಲಿಷಿಗೆ ಒಳ್ಳೆಯ ಅಂಕ ಬಂದಿತ್ತು. ನಮ್ಮಲ್ಲೊಬ್ಬರು ಅವಳದೇ ಪಠ್ಯಪುಸ್ತಕ ತೆರೆದು, "ಸ್ವಲ್ಪ ಓದು ಮಗಳೇ" ಎಂದರು. ಸರಾಗವಾಗಿ ಓದಿದಳು. ಪುಟ ಮಗುಚುವಾಗ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ತಿರುಗಿದವು. ಆದರೂ ಓದು ನಿಲ್ಲಲಿಲ್ಲ. ಎದುರಿಗಿಲ್ಲದ ಪುಟವನ್ನು ಅವಳು ಒಪ್ಪಿಸುತ್ತಿದ್ದಳು! ಐದನೇ ತರಗತಿಯ ಪುಸ್ತಕದಿಂದ ಅವಳು ಕಾಣದ ಒಂದು ಪ್ಯಾರಾ ಕೊಟ್ಟೆವು. ಮೂರ್ನಾಲ್ಕು ಪದ ದಾಟುವಷ್ಟರಲ್ಲಿ ತಲೆ ತಗ್ಗಿಸಿ ಉಮ್ಮನ ಕಡೆ ನೋಡಿದಳು.

ಆ ಮಗುವಿಗೆ ಬುದ್ಧಿಯ ಕೊರತೆಯಿಲ್ಲ. ಅರ್ಥ ತಿಳಿಯದ ಒಂದಿಡೀ ಪುಸ್ತಕವನ್ನು ಬಾಯಿಪಾಠ ಮಾಡುವುದು ಸಣ್ಣ ಶ್ರಮವಲ್ಲ. ತಪ್ಪು ನಮ್ಮದು. ಇಷ್ಟು ವರ್ಷ ನಾವು ಕೇಳುತ್ತಿದ್ದುದು ಅಂಕಪಟ್ಟಿಯ ಜೆರಾಕ್ಸ್ ಪ್ರತಿ ಮಾತ್ರ. ಮಗುವಿಗೆ ಓದಲು ಬರುತ್ತದೆಯೇ ಎಂದು ಒಂದು ನಿಮಿಷ ಕಿವಿಗೊಟ್ಟು ಕೇಳಿರಲಿಲ್ಲ.

ಇದು ಸಣ್ಣ ವಿಷಯವಲ್ಲ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳು ಮೊದಲ ತಿಂಗಳಲ್ಲೇ ಕಂಗೆಡುವುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ನಾವು ನೋಡುತ್ತಿದ್ದೇವೆ. ಗಣಿತ ಗೊತ್ತಿರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಆಗ ನಾವು ಕೊಡುವ ಶುಲ್ಕದ ಹಣ ತಡವಾಗಿ ಬಂದ ಮಳೆಯಂತೆ. ಕೇಂದ್ರ ಸರ್ಕಾರ 2022-23ರಿಂದ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿದ ಮೇಲೆ ಕೆಳಗಿನ ತರಗತಿಗಳ ಅರ್ಜಿಗಳು ನಮ್ಮಂಥವರ ಬಳಿ ಬರುತ್ತಿವೆ. ಓದು ಗಟ್ಟಿಯಾಗಬೇಕಾದ್ದೂ ಆ ತರಗತಿಗಳಲ್ಲೇ.

ನಮ್ಮ ಮಕ್ಕಳ ಹೊರೆಯನ್ನು ಒಮ್ಮೆ ಎಣಿಸಿ ನೋಡಿ. ಮನೆಯಲ್ಲಿ ಬ್ಯಾರಿ, ಇಲ್ಲವೇ ದಖ್ಖನಿ ಉರ್ದು. ನರಸಿಂಹರಾಜಪುರದ ಕಡೆ ಕೆಲವು ಮನೆಗಳಲ್ಲಿ ಮಲಯಾಳಂ. ಬೀದಿಯಲ್ಲಿ, ಶಾಲೆಯಲ್ಲಿ ಕನ್ನಡ. ಬೆಳಗ್ಗೆ ಮದರಸದಲ್ಲಿ ಅರಬ್ಬಿ ಅಕ್ಷರ, ಅದೂ ಬಲದಿಂದ ಎಡಕ್ಕೆ. ಇವೆಲ್ಲದರ ನಂತರ ಇಂಗ್ಲಿಷ್. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳೂ ಶುರುವಾದವು. ಬೇಗ ಸೇರಿಸಿದರೆ ಬೇಗ ಬರುತ್ತದೆ ಎಂಬುದು ಪೋಷಕರ ನಂಬಿಕೆ. ವಲಸೆ ಬಂದ ಮಕ್ಕಳ ಕಲಿಕೆಯನ್ನು ಕೆನಡಾದಲ್ಲಿ ಅಭ್ಯಸಿಸಿದ ಜಿಮ್ ಕಮಿನ್ಸ್ ಅವರು ಹೇಳಿದ್ದು ಬೇರೆ: ಹೊಸ ಭಾಷೆಯಲ್ಲಿ ಆಡುಮಾತು ಸುಮಾರು ಎರಡು ವರ್ಷದಲ್ಲಿ ಬಂದೀತು, ಪಾಠ ಓದಿ ತಿಳಿಯುವಷ್ಟು ಭಾಷೆಗೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷ್ ಕೇಳುವ ಊರಿನಲ್ಲಿ. ಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರು ಇಂಗ್ಲಿಷ್ ಮಾತಾಡುತ್ತಾರೆ?

ಮನೆಮಾತನ್ನು ಬಿಡಿಸಿದರೆ ಇಂಗ್ಲಿಷ್ ಬರುತ್ತದೆ ಎಂದು ಯಾರೂ ತಿಳಿಯಬಾರದು. 1904ರಲ್ಲಿ ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ಕವನ ಪುಸ್ತಕ 1922ರಲ್ಲಿ ಬಂದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಿರಿ ಎಂದು ಅವರಿಗೆ ಹೇಳಿದವರು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ. ಮಲೆನಾಡಿನ ಮಗುವಿಗೆ ಎರಡೂ ಭಾಷೆ ಒಗ್ಗುತ್ತದೆ ಎನ್ನಲು ಬೇರೆ ಸಾಕ್ಷಿ ಬೇಡ.

ಹಾಗಾದರೆ ಮಾಡಬೇಕಾದ್ದೇನು? ದಾರಿ ನಮ್ಮ ಮದರಸದಲ್ಲೇ ಇತ್ತು. ಅಲ್ಲಿ ಉಸ್ತಾದರು ಒಂದೊಂದೇ ಮಗುವನ್ನು ಹತ್ತಿರ ಕೂರಿಸಿಕೊಂಡು ಆ ದಿನದ ಪಾಠ ಕೇಳುತ್ತಾರೆ. ತಪ್ಪಿದರೆ ನಾಳೆಯೂ ಅದೇ ಪಾಠ. ಯಾವ ಮಗು ಎಲ್ಲಿದೆ ಎಂದು ಉಸ್ತಾದರಿಗೆ ಬಾಯಲ್ಲೇ ಗೊತ್ತು. ಶಾಲೆಯ ಇಂಗ್ಲಿಷ್ ಓದಿಗೂ ಅಷ್ಟೇ ಬೇಕಾಗಿರುವುದು: ಪ್ರತಿ ಮಗುವಿನ ಓದನ್ನು ಒಬ್ಬರು ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಖುರ್‌ಆನಿನ ಪಾರಾಯಣಕ್ಕೆ ಅದರದೇ ಪುಣ್ಯವಿದೆ. ಅರ್ಥವಾಗದ ಇಂಗ್ಲಿಷ್ ಪಾಠದ ಪಾರಾಯಣದಿಂದ ಯಾವ ಲಾಭವೂ ಇಲ್ಲ.

ಮನೆಯಲ್ಲಿ ಮಾಡುವ ಕ್ರಮ ಹೀಗೆ. ತಿಂಗಳಿಗೊಮ್ಮೆ, ಮಗು ಇನ್ನೂ ಕಲಿಯದ ಪಾಠದಿಂದ ಒಂದು ಪ್ಯಾರಾ ಆರಿಸಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಓದಿಸಿ. ತಡವರಿಸಿ ತಾನೇ ತಿದ್ದಿಕೊಂಡರೆ ಅದು ಸರಿ. ಮೂರು ಸೆಕೆಂಡ್ ನಿಂತುಬಿಟ್ಟರೆ ಪದ ಹೇಳಿಕೊಟ್ಟು ಮುಂದೆ ಹೋಗಿ, ಆ ಪದವನ್ನು ತಪ್ಪಿನ ಲೆಕ್ಕಕ್ಕೆ ಹಾಕಿ. ಕೊನೆಗೆ ಸರಿಯಾಗಿ ಓದಿದ ಪದಗಳನ್ನು ಎಣಿಸಿ ತಾರೀಖಿನೊಂದಿಗೆ ಬರೆಯಿರಿ. ನಂತರ ಪುಸ್ತಕ ಮುಚ್ಚಿ ಎರಡು ಪ್ರಶ್ನೆ: ಯಾರ ವಿಷಯ ಇತ್ತು? ಏನಾಯಿತು? ಉತ್ತರ ಬ್ಯಾರಿಯಲ್ಲಿ ಬರಲಿ, ಉರ್ದುವಿನಲ್ಲಿ ಬರಲಿ, ಅರ್ಥವಾಗಿದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ. ಇಂಗ್ಲಿಷ್ ಬಾರದ ತಾಯಿಯೂ ಈ ಎರಡು ಪ್ರಶ್ನೆ ಕೇಳಬಲ್ಲಳು. ಪದ ಎಣಿಸಲು ಅಕ್ಕನೋ ಅಣ್ಣನೋ ಸಾಕು.

ಉಚ್ಚಾರಣೆಗೆ ತಪ್ಪು ಹಾಕಬೇಡಿ. ಉರ್ದು ಮನೆಯ ಮಗು 'ಇಸ್ಕೂಲ್' ಎನ್ನುತ್ತದೆ, ಕನ್ನಡಕ್ಕೆ ಒಗ್ಗಿದ ನಾಲಿಗೆ 'ಪೆನ್ನು', 'ಬಸ್ಸು' ಎಂದು ಕೊನೆಗೆ ಸ್ವರ ಸೇರಿಸುತ್ತದೆ. ಅದು ಮನೆಮಾತಿನ ಗುರುತು, ಓದಿನ ದೋಷವಲ್ಲ. ನಿಜವಾದ ತೊಡಕು ಬೇರೆ ಕಡೆ ಇದೆ. ಕನ್ನಡದಲ್ಲಿ 'ಕ' ಎಲ್ಲಿ ಬಂದರೂ 'ಕ'. ಇಂಗ್ಲಿಷಿನಲ್ಲಿ ಅದೇ 'ಸಿ' ಅಕ್ಷರ ಕ್ಯಾಟ್ ಪದದಲ್ಲಿ ಒಂದು, ಸಿಟಿಯಲ್ಲಿ ಇನ್ನೊಂದು. 'ಬಟ್', 'ಪುಟ್' ಎರಡರಲ್ಲೂ ನಡುವಿನ ಅಕ್ಷರ ಒಂದೇ, ಸದ್ದು ಬೇರೆ. 'ಡಬ್ಲ್ಯೂ' ಎಂಬ ಹೆಸರಿನಲ್ಲಿ ಆ ಅಕ್ಷರದ ಸದ್ದಿನ ಸುಳಿವೇ ಇಲ್ಲ. ಅಕ್ಷರಗಳ ಹೆಸರನ್ನು ಮಾತ್ರ ಕಲಿತು, ಸದ್ದು ಕಲಿಯದೆ ಮೇಲಿನ ತರಗತಿಗೆ ಹೋದ ಮಗುವಿಗೆ ಉಳಿಯುವುದು ಬಾಯಿಪಾಠವೊಂದೇ.

ನಮ್ಮ ಭಾನುವಾರದ ಓದಿನ ಗುಂಪಿನಲ್ಲಿ ಉಪಯೋಗಕ್ಕೆ ಬಂದದ್ದು ತೋಟದ ಮಾತು. ಕಾಫಿ ತೋಟದ ಲೈನ್ ಮನೆಯ ಮಕ್ಕಳಿಗೆ ಎಸ್ಟೇಟ್, ಪಲ್ಪರ್, ಪೈಪ್, ಟ್ಯಾಂಕ್, ಗೇಟ್, ರೈಟರ್ ಎಲ್ಲ ಗೊತ್ತು. ಇವು ಇಂಗ್ಲಿಷ್ ಪದಗಳೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ. ಹಲಗೆಯ ಮೇಲೆ ಬರೆದು ತೋರಿಸಿದಾಗ ಅರ್ಥ ಮೊದಲೇ ಕೈಯಲ್ಲಿತ್ತು, ಅಕ್ಷರವನ್ನು ಹೊಂದಿಸಿಕೊಳ್ಳುವುದಷ್ಟೇ ಉಳಿದಿತ್ತು. ತಮ್ಮ ರೈಟರ್ ಸಾಹೇಬರ ಹೆಸರಿನ ಮುಂದೆ ಸದ್ದೇ ಮಾಡದ ಒಂದು 'ಡಬ್ಲ್ಯೂ' ಕುಳಿತಿದೆ ಎಂದು ತಿಳಿದು ಮಕ್ಕಳು ನಕ್ಕದ್ದನ್ನು ಇಲ್ಲಿ ಬರೆಯದಿರಲಾರೆವು.

ಎಡವಿದ್ದನ್ನೂ ಹೇಳಬೇಕು. ಮೊದಲ ಎರಡು ತಿಂಗಳು ಮಕ್ಕಳ ಹೆಸರು, ಪದಗಳ ಸಂಖ್ಯೆ ಬರೆದು ಗೋಡೆಗೆ ಹಚ್ಚಿದೆವು. ಕೊನೆಯಲ್ಲಿದ್ದ ಹುಡುಗ ಬರುವುದನ್ನೇ ಬಿಟ್ಟ. ಅವನ ತಂದೆ ಬಂದು, "ಓದು ಬಾರದ್ದು ಊರಿಗೆಲ್ಲ ಗೊತ್ತಾಗಬೇಕಿತ್ತಾ?" ಎಂದು ಕೇಳಿದರು. ಪಟ್ಟಿ ಅಂದೇ ತೆಗೆದೆವು. ಈಗ ಪ್ರತಿ ಮಗುವಿಗೂ ಪ್ರತ್ಯೇಕ ಓದಿನ ಪುಸ್ತಕವಿದೆ, ಒಬ್ಬರೇ ಕುಳಿತು ಓದುತ್ತಾರೆ. ಮಗುವನ್ನು ಅದರದೇ ಹೋದ ತಿಂಗಳಿನೊಂದಿಗೆ ಹೋಲಿಸುತ್ತೇವೆ.

ಎಷ್ಟು ಪದ ಓದಬೇಕು ಎಂದು ಪೋಷಕರು ಕೇಳುತ್ತಾರೆ. 2021ರಲ್ಲಿ ಬಂದ ನಿಪುಣ್ ಭಾರತ್ ಕಾರ್ಯಕ್ರಮ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದುವ ಗುರಿ ಇಟ್ಟಿದೆ. ಅದನ್ನು ಮಗುವಿನ ಕಲಿಕೆಯ ಭಾಷೆಗೆ ಅನ್ವಯಿಸಿ ನೋಡಿ. ಇಂಗ್ಲಿಷಿಗೆ ಅದೇ ಗೆರೆ ಎಳೆದು ಮಗುವನ್ನು ಗದರಿಸಬೇಡಿ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಇಂಗ್ಲಿಷ್ ಹಾಳೆಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಸುಲಭ ಪದ, ಸುಲಭ ವಾಕ್ಯ ಎಂಬ ನಾಲ್ಕೇ ಮೆಟ್ಟಿಲು. ಪದ, ವಾಕ್ಯ ಓದಿದವರಿಗೆ ಅರ್ಥವನ್ನೂ ಕೇಳುತ್ತಾರೆ. ನಮ್ಮ ಓದಿನ ಪುಸ್ತಕದ ಮೊದಲ ಪುಟವನ್ನು ಅದೇ ಮಾದರಿಯಲ್ಲಿ ಮಾಡಿದ್ದೇವೆ. ಮಗು ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಅಲ್ಲಿಂದ ಹತ್ತಿಸಬೇಕು, ಅದು ಏಳನೇ ತರಗತಿಯಲ್ಲಿದ್ದರೂ ಸರಿ. ಕಥೆಪುಸ್ತಕಕ್ಕೆ ದುಡ್ಡು ಹಾಕಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ 'ಓದುವ ಬೆಳಕು' ಕಾರ್ಯಕ್ರಮ 2020ರಲ್ಲೇ ಆರಂಭವಾಗಿದೆ. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟ ದಿನಗಳಲ್ಲೂ, ಕಾಫಿ ಕೊಯ್ಲಿನ ದಿನಗಳಲ್ಲೂ ಮನೆಯಲ್ಲಿ ಒಂದು ಪುಸ್ತಕವಿರಲಿ.

ಮೊದಲು ಹೇಳಿದ ಹುಡುಗಿಯ ವಿಷಯ. ಅವಳೀಗ ಕಾಣದ ಪ್ಯಾರಾವನ್ನು ನಿಂತು ನಿಂತಾದರೂ ಕೊನೆಯವರೆಗೆ ಓದುತ್ತಾಳೆ, ಏನಿತ್ತೆಂದು ಉಮ್ಮನಿಗೆ ಬ್ಯಾರಿಯಲ್ಲಿ ಹೇಳುತ್ತಾಳೆ. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷಿನ ಅಂಕ ಇಳಿಯಿತು. ಬಾಯಿಪಾಠ ಬಿಟ್ಟು ಸ್ವಂತ ವಾಕ್ಯ ಬರೆಯಲು ಹೊರಟಿದ್ದಳು, ತಪ್ಪುಗಳಾದವು. ಉಮ್ಮ ಅಂಕಪಟ್ಟಿ ಹಿಡಿದು ಕಣ್ಣೀರು ಹಾಕುತ್ತ ಬಂದರು: ವೇತನ ನಿಲ್ಲುತ್ತದೆಯೇ ಎಂಬ ಭಯ. ನಮ್ಮ ಹಳೆಯ ನಿಯಮದ ಪ್ರಕಾರ ನಿಲ್ಲಬೇಕಿತ್ತು. ಸಮಿತಿ ಸಭೆ ಸೇರಿ ಬಹಳ ಹೊತ್ತು ಚರ್ಚಿಸಿ ನಿಯಮ ಬದಲಿಸಿದೆವು. ವೇತನ ಮುಂದುವರಿದಿದೆ. ದಾನಿಗಳು ಮುಂದಿನ ಪುಟಗಳಲ್ಲಿ ಅಂಕಗಳ ಸರಾಸರಿಯನ್ನು ನೋಡುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಬರುವ ಸಾಲಿನ ಅರ್ಜಿ ನಮೂನೆಯ ಜೊತೆಗೆ ಓದಿನ ಪುಸ್ತಕವನ್ನು ಉಚಿತವಾಗಿ ಕೊಡಲಾಗುವುದು. 1ರಿಂದ 8ನೇ ತರಗತಿಯ ಅರ್ಜಿದಾರರು ಸಂದರ್ಶನದ ದಿನ ಅದನ್ನು ತರಬೇಕು. ಅದರಲ್ಲಿ ಎಷ್ಟೇ ಕಡಿಮೆ ಸಂಖ್ಯೆಯಿದ್ದರೂ ಅರ್ಜಿ ತಿರಸ್ಕಾರವಾಗುವುದಿಲ್ಲ. ಮನೆಯಲ್ಲಿ ಓದು ಕೇಳುವವರು ಯಾರೂ ಇಲ್ಲದಿದ್ದರೆ ನಮೂನೆಯ ಹಿಂಬದಿಯಲ್ಲಿ ಬರೆದು ತಿಳಿಸಿ, ಹತ್ತಿರದ ಭಾನುವಾರದ ಗುಂಪಿಗೆ ಮಗುವಿನ ಹೆಸರು ಸೇರಿಸುತ್ತೇವೆ.