ಟೆಸ್ಟರ್ ಇಡಲು ಜೇಬು ಬೇಕು

ತಿಪಟೂರು ಸೀಮೆಯ ತೆಂಗಿನ ತೋಟಗಳು ಬದುಕಿರುವುದು ಬೋರ್‌ವೆಲ್ ಮೋಟಾರಿನ ಮೇಲೆ. ಆ ಮೋಟಾರು ಸುಟ್ಟರೆ ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತೆ ನೀರಿಗಿಳಿಯುವಂತೆ ಮಾಡಿಕೊಡುವುದು ನನ್ನ ಕಸುಬು. ಜತೆಗೆ ಮನೆ ವೈರಿಂಗು, ಸ್ಟಾರ್ಟರ್ ರಿಪೇರಿ. ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದೆ, ಉಳಿದದ್ದನ್ನು ಅಪ್ಪನ ಅಂಗಡಿ ಕಲಿಸಿತು. ಈಗ ನನ್ನ ಹತ್ತಿರ ಕಲಿಯಲು ಹುಡುಗಿಯರು ಬರುತ್ತಾರೆ. ಅವರನ್ನು ಕಾಡುವುದು ವೈಂಡಿಂಗ್ ಲೆಕ್ಕವಲ್ಲ. ಬಟ್ಟೆ, ಬಚ್ಚಲು, ಬಳೆ, ಎದುರಿಗೆ ನಿಂತವರ ಮಾತು. ಮೋಟಾರಿನ ಪಾಠಕ್ಕೆ ಪುಸ್ತಕವಿದೆ. ಇವಕ್ಕೆ ಇಲ್ಲದ್ದರಿಂದ ಬರೆದಿದ್ದೇನೆ.

1. ಮೊದಲು ಜೇಬು ಹೊಲಿಸಿಕೊಳ್ಳಿ

ಚೂಡಿದಾರಕ್ಕೆ ಜೇಬಿರುವುದಿಲ್ಲ. ಇದ್ದರೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟಿಗಿಂತ ದಪ್ಪದ್ದು ಅದರಲ್ಲಿ ಹಿಡಿಯದು. ಏಣಿ ಹತ್ತಿ ನಿಂತಾಗ ಟೆಸ್ಟರು, ಕಟಿಂಗ್ ಪ್ಲೇಯರು, ಟೇಪು ಮೈಮೇಲೆ ಇಲ್ಲದಿದ್ದರೆ ಒಂದೊಂದಕ್ಕೂ ಇಳಿದು ಹತ್ತಬೇಕು. ಕೆಳಗೆ ನಿಂತವರು "ಹೆಂಗಸರ ಕೆಲಸ ನಿಧಾನ" ಎಂದು ಷರಾ ಬರೆದುಬಿಡುತ್ತಾರೆ. ಎರಡೂ ಕಡೆ ಆಳದ ಜೇಬು ಬೇಕು ಅಂದಾಗ ನಮ್ಮ ಟೈಲರು "ಶೇಪ್ ಹೋಗುತ್ತೆ ಮೇಡಂ" ಅಂತ ಬೇಜಾರು ಮಾಡಿಕೊಂಡರು. ಹೋಗಲಿ ಬಿಡಿ ಅಂದೆ. ಈಗ ನಾನು ಕೆಲಸಕ್ಕೆ ಹಾಕುವುದು ತುಂಬು ತೋಳಿನ ಕಾಟನ್ ಅಂಗಿ, ಗಂಡಸರ ಅಂಗಡಿಯ ಕಾರ್ಗೋ ಪ್ಯಾಂಟು. ಸೊಂಟ ಮಾತ್ರ ಹಿಡಿಸಿಕೊಳ್ಳಬೇಕು. ಸಿಂಥೆಟಿಕ್ ಬಟ್ಟೆ ಬೇಡವೇ ಬೇಡ, ಕಿಡಿ ಸಿಡಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

2. ಬರಿಗೈ ನೋಡಿ ಕೇಳುವವರಿಗೆ ಉತ್ತರ ಸಿದ್ಧವಿರಲಿ

ಹಳ್ಳಿಮನೆಗೆ ಹೋದ ಹತ್ತು ನಿಮಿಷದೊಳಗೆ ಯಾರಾದರೂ ಹಿರಿಯರು ನನ್ನ ಕೈ ನೋಡುತ್ತಾರೆ. "ಮುತ್ತೈದೆ ಬರಿಗೈಲಿ ಇರಬಾರದು ಕಣವ್ವ." ಅವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ, ಕಳಕಳಿಯಿಂದಲೇ ಕೇಳುವುದು. ಕಾರಣವನ್ನು ನೇರವಾಗಿ ಹೇಳಿ: ಚಿನ್ನದಲ್ಲಿ ಕರೆಂಟು ಹೆಚ್ಚುಕಮ್ಮಿ ತಾಮ್ರದಷ್ಟೇ ಸಲೀಸಾಗಿ ಹರಿಯುತ್ತದೆ. ಗಾಜಿನ ಬಳೆಯಲ್ಲಿ ಹರಿಯುವುದಿಲ್ಲ ನಿಜ, ಆದರೆ ಸ್ವಿಚ್‌ಬೋರ್ಡಿನೊಳಗೆ ಕೈ ತೂರಿಸಿದಾಗ ಒಡೆದು ಚುಚ್ಚುತ್ತದೆ. ಯುಪಿಎಸ್ ಬ್ಯಾಟರಿ ಬರೀ 12 ವೋಲ್ಟಿನದು, ಶಾಕ್ ಹೊಡೆಯದು ಎಂದು ಉಂಗುರ ತೊಟ್ಟೇ ಸ್ಪ್ಯಾನರ್ ಹಿಡಿಯುವವರಿದ್ದಾರೆ. ಸ್ಪ್ಯಾನರು, ಉಂಗುರ ಎರಡೂ ಸೇರಿ ಅದರ ಎರಡು ಟರ್ಮಿನಲ್ ಕೂಡಿಸಿಬಿಟ್ಟರೆ ಉಂಗುರ ಬೆರಳಲ್ಲೇ ಕಾದುಹೋಗುತ್ತದೆ, ಕೀಳಲೂ ಆಗುವುದಿಲ್ಲ. ತಾಮ್ರದ ಕಡಗ ಹಾಕಿಕೊಂಡು ಪ್ಯಾನೆಲ್‌ಗೆ ಕೈಹಾಕುವ ಹುಡುಗರಿಗೂ ಇದೇ ಮಾತು. ಆದರೆ ಅವರು ಕಡಗ ಬಿಚ್ಚಿಟ್ಟರೆ ಯಾರೂ ಏನೂ ಕೇಳುವುದಿಲ್ಲ.

ಮಾಂಗಲ್ಯದ್ದು ಕಷ್ಟದ ವಿಷಯವಾಗಿತ್ತು. ಅದಕ್ಕೆ ದಾರಿ ಹುಡುಕಿದ್ದು ನಮ್ಮ ಅತ್ತೆ. ಸರ ದೇವರ ಮುಂದೆ, ಕೊರಳಲ್ಲಿ ಅರಿಶಿನದ ಕೊಂಬು ಕಟ್ಟಿದ ನೂಲಿನ ದಾರ. ಒಡವೆ ಗಿರವಿ ಇಟ್ಟ ಕಾಲದಲ್ಲಿ ಹೆಂಗಸರು ಮಾಡುತ್ತಿದ್ದದ್ದೂ ಅದೇ ಅಲ್ಲವಾ ಅಂದರು. ಶಾಸ್ತ್ರಕ್ಕೂ ಸರಿಹೋಯಿತು, ಸೇಫ್ಟಿಗೂ ಸರಿಹೋಯಿತು.

3. ಭಾರದ ಮಾತಿಗೆ ಸಿಲಿಂಡರ್ ತೋರಿಸಿ

"ಮೋಟಾರು ಎತ್ತಕ್ಕಾಗುತ್ತಾ ನಿಮ್ಮ ಕೈಲಿ?" ಆಗುವುದಿಲ್ಲ. ಯಾವ ಗಂಡಸಿನ ಕೈಲೂ ಒಬ್ಬನೇ ಬೋರಿನಿಂದ ಪೈಪು ಸಮೇತ ಎತ್ತಲಿಕ್ಕೆ ಆಗುವುದಿಲ್ಲ, ಅದಕ್ಕೇ ಚೈನ್ ಪುಲ್ಲಿ ಇರುವುದು. ಇನ್ನು ಅಡುಗೆಮನೆಯ ಸಿಲಿಂಡರು: ಒಳಗೆ 14.2 ಕೆಜಿ ಗ್ಯಾಸು, ಹೊರಗೆ ಹೆಚ್ಚುಕಮ್ಮಿ ಅಷ್ಟೇ ತೂಕದ ಕಬ್ಬಿಣ. ಅದನ್ನು ಬಾಗಿಲಿಂದ ಒಲೆವರೆಗೆ ಉರುಳಿಸಿ ತಂದು ಜೋಡಿಸುವವರು ಯಾರು? ಆ ಕೆಲಸಕ್ಕೆ ಗಂಡಸೇ ಬೇಕು ಎಂದವರನ್ನು ನಾನಿನ್ನೂ ಕಂಡಿಲ್ಲ.

4. ಯಾರ ಮುಖ ನೋಡಿ ಮಾತಾಡುತ್ತಾರೆ, ಗಮನಿಸಿ

ಪ್ಯಾನೆಲ್ ಬಿಚ್ಚಿ ನಾನು ಕೂತಿರುತ್ತೇನೆ. ವೈರು ಹಿಡಿದು ಹಿಂದೆ ನಿಂತವನು ಮೀಸೆ ಚಿಗುರದ ಹುಡುಗ. ತೋಟದ ಯಜಮಾನರು ಬಂದು ಅವನನ್ನೇ ಕೇಳುತ್ತಾರೆ: "ಏನಪ್ಪಾ, ಏನಾಗೈತೆ?" ಅವನಿಗೆ ನಾನು ಹೇಳಿಕೊಟ್ಟಿರುವುದು ಒಂದೇ ಮಾತು, "ಅಕ್ಕನ್ನ ಕೇಳಿ". ಎರಡು ಸಲ ಹಾಗೆ ಹೇಳಿದರೆ ಮೂರನೆಯದಕ್ಕೆ ಮುಖ ನನ್ನ ಕಡೆ ತಿರುಗುತ್ತದೆ. ಮಲ್ಟಿಮೀಟರೂ ಬಿಲ್ ಬುಕ್ಕೂ ಸದಾ ನಿಮ್ಮ ಕೈಯಲ್ಲೇ ಇರಲಿ. ಅಳತೆ ಹೇಳುವವರು, ದುಡ್ಡು ಹೇಳುವವರು ಯಾರೋ ಅವರೇ ಮೇಸ್ತ್ರಿ ಎಂದು ಜನಕ್ಕೆ ಅರ್ಥವಾಗುತ್ತದೆ.

ಫೋನಿನಲ್ಲಿ "ಯಜಮಾನರಿಗೆ ಕೊಡಮ್ಮ" ಎನ್ನುವವರಿಗೆ ನನ್ನದೊಂದು ತಮಾಷೆ ಉತ್ತರವಿದೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ಹೆಂಗಸೇ, 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ಬರುವುದೂ ಯಜಮಾನಿಯ ಹೆಸರಿಗೇ. "ಯಜಮಾನಿಯೇ ಮಾತಾಡ್ತಿರೋದು, ಹೇಳಿ" ಎನ್ನುತ್ತೇನೆ. ನಕ್ಕು ಮುಂದಿನ ಮಾತಿಗೆ ಬರುತ್ತಾರೆ. ಚೌಕಾಸಿ ಹೊತ್ತಿನಲ್ಲಿ ಮಾತ್ರ ತಮಾಷೆ ನಡೆಯುವುದಿಲ್ಲ. "ದುಡಿಯೋ ಗಂಡ ಇದ್ದಾನಲ್ಲ, ನಿಮಗ್ಯಾಕೆ ಇಷ್ಟು?" ಎಂದರೆ ದರಪಟ್ಟಿಗೆ ಬೆರಳು ತೋರಿಸಿ ಸುಮ್ಮನಿರಿ. ಕ್ಯೂಆರ್ ಕೋಡ್ ನಿಮ್ಮ ಹೆಸರಿನದೇ ಇರಬೇಕು, ಗಂಡನದಲ್ಲ, ಅಣ್ಣನದೂ ಅಲ್ಲ.

5. ದೂರು ಹೇಳುವ ಹೆಂಗಸಿನ ಮಾತು ನಂಬಿ

ಇದೊಂದನ್ನು ವಿವರವಾಗಿ ಹೇಳಬೇಕು. ಕಸುಬಿನಲ್ಲಿ ನನಗೆ ಇದರಷ್ಟು ಉಪಯೋಗವಾದದ್ದು ಬೇರೆ ಯಾವುದೂ ಇಲ್ಲ.

ಹಳೇ ಮನೆಯೊಂದರಿಂದ ಕರೆ ಬಂತು, ಹಾಲಿನ ಫ್ಯಾನು ತಿರುಗುತ್ತಿಲ್ಲ ಎಂದು. ಕಂಡೆನ್ಸರ್ ಹೋಗಿತ್ತು, ಬದಲಿಸಿದೆ. ಹೊರಡುವಾಗ ಆ ಮನೆಯಾಕೆ ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ, "ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ ಕಣಕ್ಕ" ಅಂದರು. ಗಂಡ ಅಲ್ಲಿಂದಲೇ, "ಅವಳಿಗೆ ಅದೊಂದು ಭ್ರಮೆ. ನಾನೂ ದಿನಾ ಮುಟ್ತೀನಿ, ನನಗೇನೂ ಆಗಲ್ಲ" ಅಂದರು. ಹಿಂದೆ ಬಂದ ಎಲೆಕ್ಟ್ರಿಷಿಯನ್ನೂ ನಲ್ಲಿ ಮುಟ್ಟಿ ನೋಡಿ ಏನಿಲ್ಲ ಎಂದು ಹೋಗಿದ್ದನಂತೆ.

ಮಲ್ಟಿಮೀಟರಿನ ಒಂದು ಕಡ್ಡಿ ನಲ್ಲಿಗೂ ಇನ್ನೊಂದನ್ನು ಒದ್ದೆ ನೆಲಕ್ಕೂ ಇಟ್ಟೆ. ವೋಲ್ಟೇಜ್ ಇತ್ತು. ಗೀಜರಿನ ಕಾಯಿಲ್ ಒಳಗೇ ಸೀಳಿ ಕರೆಂಟು ಮೈಗೆ ಇಳಿಯುತ್ತಿತ್ತು, ಅಲ್ಲಿಂದ ಕಬ್ಬಿಣದ ಪೈಪಿಗೆ. ಭೂಮಿಗೆ ಹೋಗಬೇಕಾದ ಅರ್ತ್ ವೈರು ಪ್ಲಗ್ಗಿನಲ್ಲೇ ಬಿಟ್ಟುಹೋಗಿತ್ತು. ಹಿತ್ತಲಿನ ಅರ್ತ್ ಗುಂಡಿಗೆ ಯಾರೂ ನೀರು ಹಾಕದೆ ಇದ್ದಲೂ ಉಪ್ಪೂ ಒಣಗಿ ಮಣ್ಣಾಗಿದ್ದವು. ಹಾಗಾದರೆ ಗಂಡನಿಗೆ ಯಾಕೆ ಹೊಡೆಯಲಿಲ್ಲ? ಅವರು ಬಚ್ಚಲಿಗೂ ರಬ್ಬರಿನ ಚಪ್ಪಲಿ ಹಾಕಿಕೊಂಡೇ ಹೋಗುವವರು, ಆ ಎಲೆಕ್ಟ್ರಿಷಿಯನ್ನೂ ಚಪ್ಪಲಿ ಮೆಟ್ಟಿಯೇ ಮುಟ್ಟಿದ್ದಿರಬೇಕು. ಆಕೆ ಬರಿಗಾಲಲ್ಲಿ, ಒದ್ದೆ ಕಲ್ಲಿನ ಮೇಲೆ, ಒದ್ದೆ ಕೈಯಲ್ಲಿ ಬಟ್ಟೆ ಒಗೆಯುವವರು. ಕರೆಂಟಿಗೆ ದಾರಿ ಸಿಗುತ್ತಿದ್ದದ್ದು ಅವರ ಮೈಯಲ್ಲಿ ಮಾತ್ರ. ಇನ್ನೊಂದಿಷ್ಟು ದಿನ ಭ್ರಮೆ ಎಂದುಕೊಂಡಿದ್ದರೆ ಏನಾಗುತ್ತಿತ್ತೋ. ಕಾಯಿಲ್ ಬದಲಿಸಿ, ಅರ್ತ್ ಸರಿಮಾಡಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿ ಬಂದೆ. ಇಂಥ ಸೋರಿಕೆ ಕಂಡರೆ ಅದು ತಾನೇ ಲೈನ್ ಕಡಿದುಬಿಡುತ್ತದೆ. ಮಾಮೂಲಿ ಎಂಸಿಬಿ ಇಷ್ಟು ಸಣ್ಣ ಕರೆಂಟಿಗೆ ಅಲುಗುವುದೇ ಇಲ್ಲ.

ತೋಟದಲ್ಲೂ ಹೀಗೆಯೇ. ಆರ್.ಆರ್. ನಂಬರು ಗಂಡಸಿನ ಹೆಸರಲ್ಲಿರುತ್ತದೆ, ಸ್ಟಾರ್ಟರ್ ಒತ್ತುವುದು ಮನೆಯ ಹೆಂಗಸು. "ನೆನ್ನೆಯಿಂದ ಗುಂಯ್ ಅನ್ನೋ ಸದ್ದು ಬೇರೆ ಥರ ಇತ್ತು" ಎಂದು ಹೇಳುವವರು ಆಕೆಯೇ. ಒಂದು ಫೇಸ್ ಹೋದಾಗ ಬರುವ ಸದ್ದು ಅದು. ಫೇಸ್ ಹೋದರೆ ಮೋಟಾರು ನಿಲ್ಲಿಸುವ ಪ್ರಿವೆಂಟರ್ ಬೈಪಾಸ್ ಮಾಡಿ ಎರಡು ಫೇಸಿನಲ್ಲೇ ಓಡಿಸಿ ಮೋಟಾರು ಸುಟ್ಟ ಯಜಮಾನರು ಅದನ್ನು ನನಗೆ ಹೇಳುವುದಿಲ್ಲ, ಕಂಪನಿಯ ತಂತಿ ಸರಿಯಿಲ್ಲ ಎನ್ನುತ್ತಾರೆ.

6. ಬಚ್ಚಲಿಗೆ ಬಾಗಿಲು ಕೇಳಿ

ಕಟ್ಟುತ್ತಿರುವ ಮನೆಗೆ ವೈರಿಂಗ್ ಪೈಪು ಹಾಕಲು ಹೋದರೆ ಬಚ್ಚಲು ಇರುತ್ತದೆ, ಬಾಗಿಲು ಇರುವುದಿಲ್ಲ. ಇಡೀ ದಿನ ನೀರು ಕುಡಿಯದೆ ಕೆಲಸ ಮಾಡುವುದು ಶೌರ್ಯವೇನಲ್ಲ, ಉರಿಮೂತ್ರಕ್ಕೆ ದಾರಿ. ಕೆಲಸ ಒಪ್ಪಿಕೊಳ್ಳುವಾಗಲೇ ಮುಂಗಡದ ಜತೆ ಇದನ್ನೂ ಕೇಳಿ: ಒಂದು ತಗಡಿನ ಬಾಗಿಲು, ಒಂದು ಚಿಲಕ, ಒಂದು ಬಕೆಟ್ ನೀರು. ಕಲ್ಲು ಹೊರುವ ಹೆಂಗಸರಿಗೂ ಅದು ಆಗುತ್ತದೆ. ಅವರು ಕೇಳಲಾರರು, ನೀವು ಕೇಳಬಹುದು.

7. "ನಾಜೂಕು ಕೈ" ಎಂದು ಹೊಗಳಿದರೆ ಬೀಗಬೇಡಿ

ಸಬ್‌ಮರ್ಸಿಬಲ್ ಮೋಟಾರಿನ ಸ್ಲಾಟುಗಳು ಬಾಯಿ ಮುಚ್ಚಿದವು. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸೂಜಿಗೆ ದಾರ ಪೋಣಿಸಿದಂತೆ ಈ ತುದಿಯಿಂದ ಆ ತುದಿಗೆ ಒಂದೊಂದೇ ಸುತ್ತು ಎಳೆಯಬೇಕು. ಹೊದಿಕೆಗೆ ಉಗುರಷ್ಟು ಗಾಯವಾದರೂ ಮುಗಿಯಿತು, ಒಳಗೆ ನೀರು ತುಂಬಿಕೊಂಡೇ ಓಡುವ ಮೋಟಾರು ಅದು. ಆದ್ದರಿಂದ ಸುತ್ತಿದ ಮೇಲೆ ತೊಟ್ಟಿಯಲ್ಲಿ ಮುಳುಗಿಸಿ ಮೆಗ್ಗರ್ ಹಿಡಿದು ಕರೆಂಟು ಸೋರುತ್ತದೆಯೇ ಎಂದು ನೋಡುತ್ತೇವೆ. ಇದನ್ನು ಕಂಡವರು "ಹೆಂಗಸರ ನಾಜೂಕು ಕೈ, ಅದಕ್ಕೇ ಬಂದಿದೆ" ಎನ್ನುತ್ತಾರೆ. ಬೆಂಗಳೂರಿನ ಎಚ್‌ಎಂಟಿಯಲ್ಲಿ ಕೈಗಡಿಯಾರ ಜೋಡಿಸಲು ಹೆಂಗಸರನ್ನು ಕೂರಿಸಿದ್ದೂ, ಇವತ್ತು ಮೊಬೈಲ್ ಕಾರ್ಖಾನೆಗಳು ಹುಡುಗಿಯರನ್ನೇ ಹುಡುಕುವುದೂ ಇದೇ ನಂಬಿಕೆಯಿಂದ. ಅದೇ ತಂತಿಯ ಕೆಲಸ ಊರಿನ ಅಂಗಡಿಯಲ್ಲಾದರೆ ಗಂಡಸರದು! ಸಂಬಳದ ಲೈನಿನಲ್ಲಿ ಕೂರಲು ನಾಜೂಕು ಕೈ, ಸ್ವಂತ ಅಂಗಡಿ ಇಡಲು ಮೀಸೆ. ನನಗೆ ಈ ಕೆಲಸ ಕಲಿಸಿದ ಅಪ್ಪನ ಬೆರಳುಗಳು ಬಾಳೆಕಾಯಿಯಷ್ಟು ದಪ್ಪ ಇದ್ದವು.

ಕಾನೂನೂ ಹಿಂದೆ ಬಿದ್ದಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮು ಓಡುವ ಯಂತ್ರದ ಭಾಗಗಳಿಗೆ ಎಣ್ಣೆ ಹಾಕುವುದು, ಒರೆಸುವುದು ಹೆಂಗಸರಿಗೂ ಹದಿವಯಸ್ಸಿನವರಿಗೂ ಕೂಡದು ಎಂದಿತ್ತು. ಓಡುವ ಯಂತ್ರಕ್ಕೆ ಯಾರೂ ಕೈಹಾಕಬಾರದು ಎಂದು ನಾನು ಹೇಳಿಕೊಡುತ್ತೇನೆ.

8. ರಾತ್ರಿ ಕೆಲಸಕ್ಕೆ ನಿಯಮ ಮಾಡಿಕೊಳ್ಳಿ

ತೋಟದ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲೇ ಬರುವುದು, ಮೋಟಾರು ಕೈಕೊಡುವುದೂ ಆಗಲೇ. ನಾನು ಒಬ್ಬಳೇ ಹೋಗುವುದಿಲ್ಲ, ಗಂಡು ಹುಡುಗರನ್ನೂ ಒಬ್ಬರೇ ಕಳಿಸುವುದಿಲ್ಲ. ನಮ್ಮ ಕಡೆ ಹಾವಿದೆ, ಚಿರತೆಯಿದೆ. ಅವು ಗಂಡೋ ಹೆಣ್ಣೋ ಎಂದು ವಿಚಾರಿಸುವುದಿಲ್ಲ. ಬೆಳಿಗ್ಗೆ ಬರುತ್ತೇನೆ ಎಂದರೆ ತೋಟ ಒಂದು ರಾತ್ರಿಗೆ ಒಣಗಿಹೋಗದು.

9. ಇನ್ನೊಂದು ಅಚ್ಚಿಗೂ ಬೀಳಬೇಡಿ

ನನಗೆ ಮುದ್ದೆ ಕಟ್ಟಲು ಬರುವುದಿಲ್ಲ, ಗಂಟು ಉಳಿಯುತ್ತದೆ. ನಮ್ಮ ಯಜಮಾನರು ಕೋಲು ಹಿಡಿದು ತಿರುವಿದರೆ ನುಣ್ಣಗೆ ಬರುತ್ತದೆ, ಬಸ್ಸಾರು ಕೂಡ ಅವರದೇ. ನೆಂಟರ ಹುಟ್ಟುಹಬ್ಬ ನೆನಪಿಡುವವರೂ ಅವರೇ. ಬೈಕು ಓಡಿಸುವವಳು ನಾನು. ಇಷ್ಟು ಕೇಳಿದ ಕೂಡಲೇ ಜನ ನನ್ನ ಮಿಕ್ಕ ಗುಣವನ್ನೂ ಊಹಿಸಿಬಿಡುತ್ತಾರೆ: ಹೂ ಮುಡಿಯುವುದಿಲ್ಲ, ಅಳುವುದಿಲ್ಲ, ಯಾವುದಕ್ಕೂ ಹೆದರುವುದಿಲ್ಲ. ನನಗೆ ಮಲ್ಲಿಗೆ ಹುಚ್ಚು. ರಂಗೋಲಿಯ ಎಳೆ ತಪ್ಪಿದರೆ ಅಳಿಸಿ ಮತ್ತೆ ಹಾಕುತ್ತೇನೆ. ಮೀಟರ್ ಬಾಕ್ಸಿನಿಂದ ಜಿರಲೆ ಹಾರಿದರೆ ಕಿರುಚುತ್ತೇನೆ, ಹುಡುಗರು ನಗುತ್ತಾರೆ, ನಗಲಿ. ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಒರಟಾಗಿ ಮಾತಾಡುವುದನ್ನೂ ಬೀಡಾ ಉಗಿಯುವುದನ್ನೂ ಬೇಕೆಂದೇ ಶುರುಮಾಡಿದ್ದಳು. ಕ್ರಿಂಪಿಂಗ್ ಚೆನ್ನಾಗಿ ಮಾಡ್ತೀಯ, ಅಷ್ಟು ಸಾಕು ಕಣೇ ಅಂದೆ.

10. ಶಾಲಿನ ಜತೆ ದರಪಟ್ಟಿ

ಮಾರ್ಚ್ 8 ಬಂತೆಂದರೆ ಸನ್ಮಾನಕ್ಕೆ ಕರೆ ಬರುತ್ತದೆ. ಶಾಲು, ಹಣ್ಣಿನ ಬುಟ್ಟಿ, "ಗಂಡಸರಿಗೆ ಕಡಿಮೆಯಿಲ್ಲ" ಎಂಬ ಭಾಷಣ. ಮಾತಾಡಲು ಹೇಳಿದರೆ ನಾನು ತೆಲಂಗಾಣದ ಬಬ್ಬೂರಿ ಶಿರೀಷಾ ವಿಷಯ ಹೇಳುತ್ತೇನೆ. ಲೈನ್‌ಮನ್ ಹುದ್ದೆ ಹೆಂಗಸರಿಗೆ ಇಲ್ಲ ಎಂದಾಗ ಹೈಕೋರ್ಟಿನ ಮೆಟ್ಟಿಲೂ ಹತ್ತಿ, ವಿದ್ಯುತ್ ಕಂಬವೂ ಹತ್ತಿ ತೋರಿಸಿ, 2021ರಲ್ಲಿ ಕೆಲಸಕ್ಕೆ ಸೇರಿದವರು ಅವರು. ಚಪ್ಪಾಳೆ ಬೀಳುತ್ತದೆ. ಒಂದು ವರ್ಷ ನನಗೆ ಶಾಲು ಹೊದಿಸಿದ ಸಂಸ್ಥೆಯೊಂದು ಅದೇ ವರ್ಷ ಹೊಸ ಕಟ್ಟಡ ಕಟ್ಟಿತು. ವೈರಿಂಗಿಗೆ ಕೊಟೇಷನ್ ಕೇಳಲು ನನ್ನ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

ಅಂದಿನಿಂದ ಸನ್ಮಾನಕ್ಕೆ ಹೋಗುವಾಗ ದರಪಟ್ಟಿಯ ಪ್ರತಿಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಪಾಯಿಂಟಿಗೆ ಎಷ್ಟು, ಅರ್ತಿಂಗಿಗೆ ಎಷ್ಟು, ಮೋಟಾರು ವೈಂಡಿಂಗು ಎಚ್‌ಪಿಗೆ ಎಷ್ಟು, ಎಲ್ಲ ಬರೆದಿದೆ. ವೇದಿಕೆ ಇಳಿದ ಕೂಡಲೇ ಅಧ್ಯಕ್ಷರಿಗೆ ಒಂದು, ಕಾರ್ಯದರ್ಶಿಗೆ ಒಂದು, ಮೈಕ್ ಸೆಟ್ಟಿನವರಿಗೂ ಒಂದು ಕೊಡುತ್ತೇನೆ. ಹೋದ ಸಲ ಕೆಲಸ ಕೊಟ್ಟಿದ್ದು ಮೈಕ್ ಸೆಟ್ಟಿನವರು, ಜನರೇಟರಿನ ಆಲ್ಟರ್ನೇಟರ್ ರಿವೈಂಡಿಂಗು. ಮುಂಗಡ ಅಲ್ಲೇ ಕೊಟ್ಟರು.